ಕೆಲಸ ಬಿಡದೆ ಡಿಬಿಎ: ಫೀಸು ಕಟ್ಟುವ ಮೊದಲಿನಿಂದ ವೈವಾ ತನಕ

"ಎರಡು ವರ್ಷದ ಫೀಸು ಕಟ್ಟಾಯಿತು, ಕೋರ್ಸ್‌ವರ್ಕ್ ಕೂಡ ಮುಗಿಯಿತು. ಈಗ ಥೀಸಿಸ್‌ಗೆ ವಿಷಯವೇ ಸಿಗುತ್ತಿಲ್ಲ." ಕೆಲಸದ ಜೊತೆ ಡಿಬಿಎ (ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್) ಓದುವ ಎಷ್ಟು ಜನರ ಬಾಯಲ್ಲಿ ನಾನು ಈ ಮಾತನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರೆಲ್ಲ ದಡ್ಡರಲ್ಲ. ಹತ್ತಿಪ್ಪತ್ತು ವರ್ಷ ಅನುಭವ ಇರುವ ಮ್ಯಾನೇಜರ್‌ಗಳು, ಫೈನಾನ್ಸ್ ಹೆಡ್‌ಗಳು, ಪ್ಲಾಂಟ್ ನೋಡಿಕೊಳ್ಳುವವರು. ತಪ್ಪಿರುವುದು ಅವರು ಹೋದ ಸಾಲಿನಲ್ಲಿ. ಮೊದಲು ಜಾಹೀರಾತು, ಆಮೇಲೆ ಕೌನ್ಸೆಲರ್ ಫೋನು, ಆಮೇಲೆ ಇಎಂಐ, ತರಗತಿ, ಎಲ್ಲಕ್ಕಿಂತ ಕೊನೆಗೆ ವಿಷಯ.

ಕೆಳಗಿನ ಹಂತಗಳು ಈ ಸಾಲನ್ನು ತಿರುಗಿಸುತ್ತವೆ. ಸಂಸ್ಥೆ ಆರಿಸುವುದು ಇಲ್ಲಿ ಐದನೆಯ ಕೆಲಸ. ಮೊದಲ ನಾಲ್ಕಕ್ಕೆ ಒಂದು ರೂಪಾಯಿ ಫೀಸೂ ಬೇಡ, ಆದರೆ ನಾಲ್ಕೈದು ತಿಂಗಳು ಹಿಡಿಯುತ್ತದೆ.

ಹಂತ 1: ಪದವಿ ಯಾತಕ್ಕೆ ಅಂತ ಒಂದು ಸಾಲು ಬರೆಯಿರಿ

ಡಿಬಿಎ ಅಂದರೆ ಕೆಲಸದ ಜಾಗದ ಒಂದು ಸಮಸ್ಯೆಯನ್ನು ಸಂಶೋಧನೆಯ ಶಿಸ್ತಿನಿಂದ ಬಿಡಿಸುವ ಡಾಕ್ಟರೇಟ್. ಪಿಎಚ್‌ಡಿ ಸಿದ್ಧಾಂತದ ಕಡೆ ಜಾಸ್ತಿ ವಾಲುತ್ತದೆ. ಎರಡಕ್ಕೂ ಓದು, ಡೇಟಾ, ಪ್ರಬಂಧ, ವೈವಾ (ಕೊನೆಯ ಮೌಖಿಕ ಪರೀಕ್ಷೆ) ಎಲ್ಲ ಇದೆ. ಡಿಬಿಎ ಸುಲಭದ ದಾರಿ ಅಂದುಕೊಂಡು ಬಂದವರೇ ಮೊದಲು ಬಿಟ್ಟು ಹೋಗುವುದು.

ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಅದನ್ನು ಈಗಲೇ ಬರೆದಿಡಿ, ಯಾಕೆಂದರೆ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ಪಾಠ ಮಾಡಬೇಕು ಅನ್ನುವವರಿಗೆ ನಮ್ಮ ವಿಶ್ವವಿದ್ಯಾಲಯಗಳ ಪಾರ್ಟ್ ಟೈಮ್ ಪಿಎಚ್‌ಡಿ ಹೆಚ್ಚು ಭದ್ರ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ 55 ಶೇಕಡಾ ಅಂಕ ಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಅದೇ ನಿಯಮ ಇನ್ನೊಂದು ಮಾತೂ ಹೇಳುತ್ತದೆ: ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಪಿಎಚ್‌ಡಿ ಮಾಡಿಸುವಂತಿಲ್ಲ.

ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಇಲ್ಲಿ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಒಟ್ಟಾಗಿ ಎಚ್ಚರಿಸಿವೆ. ನಿಮ್ಮ ಕಂಪನಿಯೊಳಗೆ ಬೆಳೆಯಲು ಅಥವಾ ಕನ್ಸಲ್ಟಿಂಗ್ ಮಾಡಲು ಓದುತ್ತಿದ್ದರೆ ಮಾನ್ಯತೆ ಅಷ್ಟು ಕಾಡುವುದಿಲ್ಲ. ಸರ್ಕಾರಿ ಕೆಲಸ ಅಥವಾ ಬೋಧನೆ ಗುರಿಯಾದರೆ ಎಲ್ಲವೂ ಅದರ ಮೇಲೇ ನಿಂತಿರುತ್ತದೆ.

"ಹೆಸರಿನ ಮುಂದೆ ಡಾ. ಬರಲಿ" ಎನ್ನುವುದಷ್ಟೇ ನಿಮ್ಮ ಸಾಲಾದರೆ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಆ ಆಸೆ ಮೂರನೇ ವರ್ಷದ ರಾತ್ರಿಗಳನ್ನು ದಾಟಿಸುವುದಿಲ್ಲ. ಹೋಟೆಲ್ ಹಾಲ್‌ನಲ್ಲಿ ಶಾಲು, ಹಾರದ ಜೊತೆ "ಗೌರವ ಡಾಕ್ಟರೇಟ್" ಮಾರುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಆ ದಾರಿಗೆ ಮಾರ್ಗದರ್ಶಿ ಬೇಕಾಗಿಲ್ಲ, ದುಡ್ಡಿದ್ದರೆ ಸಾಕು.

ಹಂತ 2: ವಿಷಯ ಬೇಡ, ಪ್ರಶ್ನೆ ಹುಡುಕಿ

ಎಲ್ಲರೂ "ನನ್ನ ವಿಷಯ ಸಪ್ಲೈ ಚೈನ್", "ನನ್ನದು ಲೀಡರ್‌ಶಿಪ್" ಅನ್ನುತ್ತಾರೆ. ಇವು ವಿಷಯಗಳಲ್ಲ, ಲೈಬ್ರರಿಯ ಕಪಾಟಿನ ಹೆಸರುಗಳು.

ಒಂದು ಉದಾಹರಣೆಯಲ್ಲಿ ನೋಡೋಣ. ನೀವು ಬೆಂಗಳೂರಿನ ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೀರಿ ಎಂದುಕೊಳ್ಳಿ. ಬಿಡಿಭಾಗ ಕೊಡುವವರು ಪೀಣ್ಯದ ಸಣ್ಣ ಘಟಕಗಳು. ಬಿಲ್ ಹಣ ತಡ ಅಂತ ಅವರ ಗೋಳು.

ಮೊದಲ ಪ್ರಯತ್ನ: "ಸಣ್ಣ ಉದ್ದಿಮೆಗಳ ಹಣಕಾಸಿನ ಸವಾಲುಗಳು." ಇದರಲ್ಲಿ ಪ್ರಶ್ನೆಯೇ ಇಲ್ಲ. ಹತ್ತು ಜನ್ಮಕ್ಕಾಗುವಷ್ಟು ಕೆಲಸವಿದೆ.

ಎರಡನೆಯದು: "ಪೀಣ್ಯದ ಘಟಕಗಳಿಗೆ ಬಿಲ್ ಹಣ ಯಾಕೆ ತಡವಾಗುತ್ತದೆ?" ಪರವಾಗಿಲ್ಲ, ಪ್ರಶ್ನೆಯಾಯಿತು. ಆದರೆ ಉತ್ತರ ಅಲ್ಲಿಯ ಚಹಾ ಅಂಗಡಿಯವನಿಗೂ ಗೊತ್ತು.

ಈಗ ಸ್ವಲ್ಪ ಓದಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದ ಏನೇ ಇರಲಿ, ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು. ಬಿಲ್ಲನ್ನು ಬೇಗ ನಗದು ಮಾಡಿಕೊಳ್ಳಲು ಟ್ರೆಡ್ಸ್ ಎಂಬ ವೇದಿಕೆ ಇದೆ. ಖರೀದಿದಾರ ಬಿಲ್ ಒಪ್ಪಿದರೆ ಬ್ಯಾಂಕುಗಳು ಅದಕ್ಕೆ ಬಿಡ್ ಮಾಡುತ್ತವೆ. ಘಟಕಕ್ಕೆ ದುಡ್ಡು ಮೊದಲೇ ಬರುತ್ತದೆ, ಬ್ಯಾಂಕಿಗೆ ಖರೀದಿದಾರ ಗಡುವಿನ ದಿನ ಕೊಡುತ್ತಾನೆ. ವರ್ಷಕ್ಕೆ 250 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ನೋಂದಾಯಿಸಲೇಬೇಕು ಅಂತ ಸರ್ಕಾರ ಹೇಳಿತ್ತು.

ಮೂರನೆಯದು ಈಗ ತಾನಾಗಿ ಬರುತ್ತದೆ: "ಖರೀದಿದಾರ ಕಂಪನಿ ಟ್ರೆಡ್ಸ್‌ನಲ್ಲಿ ಇದ್ದರೂ, ಅದಕ್ಕೆ ಮಾಲು ಕೊಡುವ ಕೆಲವು ಘಟಕಗಳು ತಮ್ಮ ಬಿಲ್ಲನ್ನು ಅಲ್ಲಿ ಹಾಕುವುದಿಲ್ಲ, ಯಾಕೆ?" ಕಾಯ್ದೆ ಇದೆ, ಬಾಗಿಲು ತೆರೆದಿದೆ, ಜನ ಒಳಗೆ ಹೋಗುತ್ತಿಲ್ಲ. ಈ ಸಂದಿನಲ್ಲಿ ಒಂದು ಡಾಕ್ಟರೇಟ್ ಕೂರುತ್ತದೆ.

ನಿಮ್ಮ ಪ್ರಶ್ನೆಯನ್ನು ಹೀಗೆ ಪರೀಕ್ಷಿಸಿ. ಉತ್ತರ ಸಿಕ್ಕ ಮರುದಿನ ಕಂಪನಿಯಲ್ಲಿ ಯಾರು ಏನನ್ನು ಬೇರೆ ಥರ ಮಾಡುತ್ತಾರೆ? ಯಾರೂ ಇಲ್ಲ ಅಂದರೆ ಪ್ರಶ್ನೆ ಬದಲಿಸಿ. ಉತ್ತರ ನಿಮಗೆ ಈಗಲೇ ಗೊತ್ತಿದೆಯಾ? ಗೊತ್ತಿದ್ದರೆ ನೀವು ಸಂಶೋಧನೆ ಮಾಡುತ್ತಿಲ್ಲ, ನಿಮ್ಮ ಹಳೆಯ ವಾದಕ್ಕೆ ಸಾಕ್ಷಿ ಹುಡುಕುತ್ತಿದ್ದೀರಿ. ಅನುಭವಿಗಳು ಜಾಸ್ತಿ ಬೀಳುವ ಹೊಂಡ ಇದೇ.

ಹಂತ 3: ಡೇಟಾ ಅನುಮತಿ, ಬರಹದಲ್ಲಿ

ಇಡೀ ಕೆಲಸದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ಇಡಿ.

ನನಗೆ ಗೊತ್ತಿರುವ ಒಬ್ಬರು ತಮ್ಮ ಕಂಪನಿಯ ಐದು ವರ್ಷದ ವಾರಂಟಿ ದಾಖಲೆ ನಂಬಿಕೊಂಡು ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಬರೆದರು. ಬಾಸ್ "ತಗೊಳ್ಳಿ, ಅದರಲ್ಲೇನಿದೆ" ಅಂದಿದ್ದರು. ಒಂದೂವರೆ ವರ್ಷಕ್ಕೆ ಬಾಸ್ ಬದಲಾದರು. ಹೊಸಬರು ಕಡತವನ್ನು ಲೀಗಲ್ ವಿಭಾಗಕ್ಕೆ ಕಳಿಸಿದರು. ಲೀಗಲ್ ಆಗಲ್ಲ ಅಂದಿತು. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು.

ಇಲ್ಲಿ ಎರಡು ಬೇರೆ ಪತ್ರಗಳಿವೆ, ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಪಾರ್ಟ್ ಟೈಮ್ ಪಿಎಚ್‌ಡಿಗೆ ಯುಜಿಸಿ ನಿಯಮವೇ ಇದನ್ನು ಕೇಳುತ್ತದೆ. ಓದಲು ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಟ್ಟುಕೊಡುತ್ತೇವೆ ಎಂದು ಉದ್ಯೋಗದಾತರು ಬರೆದುಕೊಡಬೇಕು. ಎರಡನೆಯದು ಡೇಟಾ ಬಳಸುವ ಅನುಮತಿ. ಎನ್‌ಒಸಿ ಕೊಟ್ಟ ಎಚ್‌ಆರ್‌ಗೆ ಡೇಟಾ ಕೊಡುವ ಅಧಿಕಾರ ಇರುವುದಿಲ್ಲ.

ಡೇಟಾ ಪತ್ರದಲ್ಲಿ ಈ ಐದು ಮಾತು ಇರಲಿ:

1. ಯಾವ ದಾಖಲೆ, ಯಾವ ವರ್ಷದಿಂದ ಯಾವ ವರ್ಷದ ತನಕ.
2. ಕಂಪನಿಯ ಹೆಸರು ಹಾಕಬಹುದೋ, "ಒಂದು ಬಿಡಿಭಾಗ ಕಂಪನಿ" ಅಂತ ಬರೆಯಬೇಕೋ.
3. ಪ್ರಬಂಧ ಮತ್ತು ಲೇಖನ, ಎರಡರಲ್ಲೂ ಬಳಸಬಹುದು ಎಂಬ ಮಾತು.
4. ನೀವು ಕೆಲಸ ಬಿಟ್ಟರೂ ಅದುವರೆಗೆ ತೆಗೆದುಕೊಂಡ ಡೇಟಾ ಬಳಸಬಹುದು ಎಂಬ ಮಾತು.
5. ಸಹಿ ಹಾಕುವವರ ಹುದ್ದೆ. ವ್ಯಕ್ತಿ ಹೋದರೂ ಹುದ್ದೆ ಉಳಿಯುತ್ತದೆ.

ನಾಲ್ಕನೆಯದನ್ನು ಕೇಳಲು ಮುಜುಗರ ಆಗುತ್ತದೆ. ಕೆಲಸ ಬಿಡುವ ಯೋಚನೆ ಇದೆಯಾ ಅಂತ ಬಾಸ್ ನೋಡುತ್ತಾರೆ. ಆದರೂ ಕೇಳಿ. ನಾಲ್ಕೈದು ವರ್ಷದಲ್ಲಿ ನೀವು ಬದಲಾಗದಿದ್ದರೂ ಕಂಪನಿಯೇ ಇನ್ನೊಬ್ಬರ ಕೈಗೆ ಹೋಗಬಹುದು.

ಲಿಸ್ಟೆಡ್ ಕಂಪನಿಯಾದರೆ ಇನ್ನೊಂದು ಎಚ್ಚರ. ಇನ್ನೂ ಹೊರಬೀಳದ, ಷೇರು ಬೆಲೆ ಅಲುಗಾಡಿಸುವ ಮಾಹಿತಿ ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದಡಿ ಬರುತ್ತದೆ. ಅದನ್ನು ಗೈಡ್‌ಗೆ ಮೇಲ್ ಮಾಡಿದರೂ ತೊಂದರೆ. ಮುಗಿದ, ಪ್ರಕಟವಾದ ವರ್ಷಗಳ ಲೆಕ್ಕ ಮಾತ್ರ ಮುಟ್ಟಿ. ನೌಕರರ ಅಥವಾ ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಕಡತವಾದರೆ ಹೊರಗೆ ತರುವ ಮೊದಲೇ ಅವುಗಳನ್ನು ತೆಗೆಯಿರಿ.

ಅಪಾಯದ ಸೂಚನೆ: ಆರು ವಾರ ಕಳೆದರೂ ಪತ್ರ ಬರಲಿಲ್ಲ, "ನೋಡೋಣ" ಮಾತ್ರ ಬರುತ್ತಿದೆ. ಇದನ್ನು "ಇಲ್ಲ" ಅಂತಲೇ ಓದಿಕೊಳ್ಳಿ. ಹೊರಗಿನ ಡೇಟಾದಿಂದ ಉತ್ತರಿಸಬಹುದಾದ ಪ್ರಶ್ನೆಗೆ ತಿರುಗಿ. ಮೇಲಿನ ಟ್ರೆಡ್ಸ್ ಪ್ರಶ್ನೆಗೆ ನಿಮ್ಮ ಕಂಪನಿಯ ಒಂದು ಕಾಗದವೂ ಬೇಡ, ಘಟಕದ ಮಾಲೀಕರು ಮಾತಾಡಿದರೆ ಸಾಕು.

ಹಂತ 4: ಗೈಡ್

ಗೈಡ್ ಹೆಸರು ನೋಡಿ ಬೀಳಬೇಡಿ. ಅವರ ಕೈಕೆಳಗೆ ಕೆಲಸ ಮಾಡುತ್ತಾ ಓದಿದವರು ಎಷ್ಟು ಜನ ಮುಗಿಸಿದ್ದಾರೆ, ಎಷ್ಟು ವರ್ಷದಲ್ಲಿ, ಕೇಳಿ. ಅಂಥ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಒಂದು ಅಧ್ಯಾಯ ಕಳಿಸಿದರೆ ಎಷ್ಟು ದಿನಕ್ಕೆ ತಿದ್ದಿ ಕಳಿಸುತ್ತಾರೆ ಎನ್ನುವುದನ್ನಂತೂ ಕೇಳಲೇಬೇಕು. ತಿಂಗಳುಗಟ್ಟಲೆ ಅಂದರೆ ಬೇರೆಯವರನ್ನು ನೋಡಿ.

ಯುಜಿಸಿ ನಿಯಮದ ಎರಡು ಅಂಶ ಇಲ್ಲಿ ಕೆಲಸಕ್ಕೆ ಬರುತ್ತವೆ. ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. "ಸೀಟ್ ಇದೆ, ಬನ್ನಿ" ಅಂದಾಗ ಈ ಎರಡನ್ನೂ ನಯವಾಗಿ ವಿಚಾರಿಸಿ.

ಹೋಗುವಾಗ ಎರಡು ಪುಟ ಒಯ್ಯಿರಿ. ಪ್ರಶ್ನೆ, ಅದು ಯಾಕೆ ಮುಖ್ಯ, ಡೇಟಾ ಎಲ್ಲಿಂದ, ಅನುಮತಿ ಪತ್ರದ ಪ್ರತಿ. ಬಯೋಡೇಟಾ ಹಿಡಿದುಕೊಂಡು ಹೋದವರಿಗಿಂತ ನಿಮಗೆ ಜಾಸ್ತಿ ಹೊತ್ತು ಸಿಗುತ್ತದೆ.

ಹಂತ 5: ಈಗ ಸಂಸ್ಥೆ

ನಮ್ಮಲ್ಲೇ ಕೆಲಸದವರಿಗೆಂದು ಮಾಡಿದ ಡಾಕ್ಟರೇಟ್‌ಗಳಿವೆ. ಐಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್‌ಐನಲ್ಲಿ ಎಕ್ಸಿಕ್ಯುಟಿವ್ ಫೆಲೋ ಕಾರ್ಯಕ್ರಮ ಇದೆ, ಕೋಯಿಕ್ಕೋಡ್ ಐಐಎಂನಲ್ಲಿ ಪ್ರಾಕ್ಟೀಸ್ ಟ್ರ್ಯಾಕ್ ಪಿಎಚ್‌ಡಿ ಇದೆ. "ಫೆಲೋ" ಎನ್ನುವುದು ಬಿರುದು, ಪಿಎಚ್‌ಡಿ ಪದವಿಯಲ್ಲ. ಮುಂದೆ ಪಾಠ ಮಾಡುವವರು ಇದನ್ನು ಪಿಎಚ್‌ಡಿಗೆ ಸಮ ಎಂದು ಒಪ್ಪುತ್ತಾರಾ ಎನ್ನುವುದನ್ನು ಸೇರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಐಐಎಂಗಳಿಗೆ ಪದವಿಯನ್ನೇ ಕೊಡುವ ಅಧಿಕಾರ 2018ರ ಜನವರಿ 31ರಿಂದ ಬಂದಿದೆ.

ವಿದೇಶಿ ಡಿಬಿಎ ನೋಡುವವರು ಮೂರು ಕಡೆ ಪರಿಶೀಲಿಸಿ. ಆ ದೇಶದ ಸರ್ಕಾರ ಅಥವಾ ಅಧಿಕೃತ ಮಂಡಳಿ ಆ ಸಂಸ್ಥೆಗೆ ಡಾಕ್ಟರೇಟ್ ಕೊಡುವ ಅಧಿಕಾರ ಕೊಟ್ಟಿದೆಯಾ? ಬಿಸಿನೆಸ್ ಸ್ಕೂಲ್‌ಗಳಿಗೆ ಸಿಗುವ ಎಎಸಿಎಸ್‌ಬಿ, ಈಕ್ವಿಸ್, ಆಂಬಾ ಮಾನ್ಯತೆಗಳ ಮುದ್ರೆ ಇದ್ದರೆ ಆಯಾ ಮಂಡಳಿಯ ಪಟ್ಟಿಯಲ್ಲೇ ಹೆಸರಿದೆಯಾ? ಮುದ್ರೆ ಯಾವುದಕ್ಕೆ? ಆಂಬಾ ಎಂಬಿಎಗೂ ಡಿಬಿಎಗೂ ಬೇರೆ ಬೇರೆಯಾಗಿ ಮಾನ್ಯತೆ ಕೊಡುತ್ತದೆ. ಎಂಬಿಎಗೆ ಬಂದ ಮುದ್ರೆಯನ್ನು ಡಿಬಿಎ ಬ್ರೋಷರ್ ಮೇಲೆ ಒತ್ತುವವರಿದ್ದಾರೆ.

ವಿದೇಶಿ ಪದವಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. "ನಮ್ಮ ಪದವಿ ಇಂಡಿಯಾದಲ್ಲಿ ನಡೆಯುತ್ತೆ" ಅಂತ ಏಜೆಂಟ್ ಬಾಯಲ್ಲಿ ಹೇಳಿದರೆ, ಆ ನಿಯಮದ ಯಾವ ಅಂಶದ ಕೆಳಗೆ ಅಂತ ಮೇಲ್‌ನಲ್ಲಿ ಬರೆದುಕೊಡಲು ಹೇಳಿ. ಬಹಳ ಫೋನುಗಳು ಅಲ್ಲಿಗೇ ನಿಲ್ಲುತ್ತವೆ.

ಹೀಗಿದ್ದರೆ ಎದ್ದು ಬನ್ನಿ: "18 ತಿಂಗಳಲ್ಲಿ ಗ್ಯಾರಂಟಿ", "ಥೀಸಿಸ್‌ಗೆ ನಮ್ಮ ತಂಡ ಸಹಾಯ ಮಾಡುತ್ತೆ", "ಇವತ್ತೇ ಕಟ್ಟಿದರೆ ಸ್ಕಾಲರ್‌ಶಿಪ್", ಪ್ರೊಫೆಸರ್‌ಗಳ ಹೆಸರೇ ಇಲ್ಲದ ಬ್ರೋಷರ್. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹಾಕುತ್ತದೆ, ಅದನ್ನೂ ಒಮ್ಮೆ ನೋಡಿ. ಫೀಸಿನ ಲೆಕ್ಕಕ್ಕೆ ಪ್ರಯಾಣ, ಮರುನೋಂದಣಿ, ಒಂದು ವರ್ಷ ತಡವಾದರೆ ಕಟ್ಟಬೇಕಾದ ಹಣ ಇವನ್ನೂ ಸೇರಿಸಿ.

ಹಂತ 6: ಸಮಯ

ವಾರಕ್ಕೆ 12ರಿಂದ 15 ಗಂಟೆ ಬೇಕು. "ಭಾನುವಾರ ನೋಡಿಕೊಳ್ಳೋಣ" ಎನ್ನುವುದು ನಡೆಯುವುದಿಲ್ಲ. ಭಾನುವಾರ ಮದುವೆ ಇರುತ್ತದೆ, ಗೃಹಪ್ರವೇಶ ಇರುತ್ತದೆ. ವಾರದಲ್ಲಿ ನಾಲ್ಕು ಬೆಳಿಗ್ಗೆ, ತಲಾ ಎರಡು ಗಂಟೆ. ಉಳಿದದ್ದು ಶನಿವಾರ. ಮಾರ್ಚ್, ಏಪ್ರಿಲ್ ಎರಡನ್ನೂ ಕ್ಯಾಲೆಂಡರಿನಲ್ಲಿ ಈಗಲೇ ಹೊಡೆದುಹಾಕಿ, ವರ್ಷಾಂತ್ಯದ ಲೆಕ್ಕದ ಹೊತ್ತಿನಲ್ಲಿ ಯಾರೂ ಅಧ್ಯಾಯ ಬರೆದಿಲ್ಲ. ಮನೆಯವರ ಜೊತೆ ಕೂತು ಯಾವ ಕೆಲಸ ಯಾರ ಪಾಲಿಗೆ ಹೋಗುತ್ತದೆ ಅಂತ ಮಾತಾಡಿ. ಸುಮ್ನೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದರೆ ಎರಡನೇ ವರ್ಷಕ್ಕೆ ಜಗಳವಾಗುತ್ತದೆ.

ಹಂತ 7: ಓದುವುದು ಮತ್ತು ಗುರುತಿಡುವುದು

ಮೊದಲ ದಿನವೇ ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಹಾಕಿಕೊಳ್ಳಿ. ಉಚಿತ. ಓದಿದ ಲೇಖನ ಅಲ್ಲಿ ಸೇರದಿದ್ದರೆ ಓದಿಲ್ಲ ಅಂತಲೇ ಲೆಕ್ಕ. ನಮ್ಮ ದೇಶದ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಪ್ರಶ್ನೆಗೆ ಹತ್ತಿರದ ಮೂರನ್ನು ಇಳಿಸಿ, ಸಂಶೋಧನಾ ವಿಧಾನದ ಅಧ್ಯಾಯ ಮಾತ್ರ ಓದಿ. ಒಳ್ಳೆಯದೂ ಕಾಣುತ್ತದೆ, ಕೆಟ್ಟದ್ದೂ ಕಾಣುತ್ತದೆ, ಎರಡರಿಂದಲೂ ಕಲಿಯುವುದಿದೆ.

ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಇಡಿ: ಲೇಖನ, ಪ್ರಶ್ನೆ, ಡೇಟಾ, ಕಂಡದ್ದು, ಬಿಟ್ಟದ್ದು. "ಬಿಟ್ಟದ್ದು" ಎಂಬ ಕಾಲಂನಿಂದಲೇ ನಿಮ್ಮ ಅಧ್ಯಾಯ ಹುಟ್ಟುತ್ತದೆ. "ಇವರು ಹೀಗೆಂದರು, ಅವರು ಹಾಗೆಂದರು" ಎಂದು ಅರವತ್ತು ಪುಟ ಬರೆದರೆ ಗೈಡ್ ವಾಪಸ್ ಕಳಿಸುತ್ತಾರೆ. ಎಐ ಚಾಟ್‌ಗಳು ಕೊಟ್ಟ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿ, ಇಲ್ಲದ ಲೇಖನಗಳನ್ನೂ ಅವು ಇದೆಯೆಂಬಂತೆ ಹೇಳುತ್ತವೆ.

ಹಂತ 8: ಡೇಟಾ ಸಂಗ್ರಹ

ಎಷ್ಟು ಜನರನ್ನು ಕೇಳಿದಿರಿ ಅಂದರೆ ಬಹಳ ಪ್ರಬಂಧಗಳಲ್ಲಿ 384 ಅಥವಾ 385 ಎಂಬ ಸಂಖ್ಯೆ ಕಾಣುತ್ತದೆ. ಅದು 95 ಶೇಕಡಾ ವಿಶ್ವಾಸ, 5 ಶೇಕಡಾ ದೋಷಮಿತಿ ಎಂಬ ಸೂತ್ರದಿಂದ ಬರುತ್ತದೆ. ಸೂತ್ರ ಸರಿಯೇ. ಆದರೆ ಅದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದ ಜನಕ್ಕೆ ಮಾತ್ರ. ನೀವು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಕಳಿಸಿದರೆ ಬಂದ 385 ಉತ್ತರ ನಿಮ್ಮ ಸ್ನೇಹಿತರ ಸ್ನೇಹಿತರದ್ದು. ಪರೀಕ್ಷಕರು ಮೊದಲು ಕೈ ಹಾಕುವುದೇ ಇಲ್ಲಿಗೆ.

ನಿಮ್ಮ ಕೆಳಗಿನವರಿಗೆ ಪ್ರಶ್ನಾವಳಿ ಕೊಡಬೇಡಿ. ಹೆಸರಿಲ್ಲ ಅಂದರೂ ಎಲ್ಲರೂ 5ಕ್ಕೆ 5 ಒತ್ತುತ್ತಾರೆ. ಅಪ್ರೇಸಲ್ ಬರೆಯುವವರು ನೀವೇ ಅಲ್ವಾ?

ಸಣ್ಣ ಘಟಕಗಳ ಮಾಲೀಕರ ಜೊತೆ ಸಂದರ್ಶನವಾದರೆ ಕನ್ನಡದಲ್ಲಿ ಮಾತಾಡುವವರ ಜೊತೆ ಕನ್ನಡದಲ್ಲೇ ಮಾಡಿ. ಒಪ್ಪಿಗೆ ಪತ್ರವೂ ಕನ್ನಡದಲ್ಲಿರಲಿ. ರೆಕಾರ್ಡ್ ಮಾಡಿದ್ದನ್ನು ಕನ್ನಡದಲ್ಲೇ ಬರೆದುಕೊಂಡು, ಯಾವ ಮಾತು ಯಾವ ಅಂಶಕ್ಕೆ ಸೇರುತ್ತದೆ ಅಂತ ಗುರುತು ಹಾಕುವ ಕೆಲಸವನ್ನೂ ಕನ್ನಡದಲ್ಲೇ ಮುಗಿಸಿ. ಪ್ರಬಂಧಕ್ಕೆ ಬೇಕಾದ ಮಾತುಗಳನ್ನು ಮಾತ್ರ ಕೊನೆಗೆ ಇಂಗ್ಲಿಷಿಗೆ ತನ್ನಿ. ಯಾಕೆ ಅಂದರೆ, ಮಾಲೀಕರೊಬ್ಬರು "ಪಾರ್ಟಿ ಮುಲಾಜು ನೋಡ್ಬೇಕಲ್ಲ ಸಾರ್" ಅಂದರು ಎಂದಿಟ್ಟುಕೊಳ್ಳಿ. ಆ "ಮುಲಾಜು" ಎಂಬ ಪದದಲ್ಲಿ ಹೆದರಿಕೆ ಇದೆ, ಹಳೆಯ ಋಣ ಇದೆ, ನಾಳಿನ ಆರ್ಡರಿನ ಲೆಕ್ಕವೂ ಇದೆ. ಮೊದಲ ದಿನವೇ ಅದನ್ನು ಒಂದು ಇಂಗ್ಲಿಷ್ ಪದಕ್ಕೆ ಇಳಿಸಿದರೆ ಇವು ಮೂರೂ ಒಂದಾಗಿಬಿಡುತ್ತವೆ. ಟ್ರೆಡ್ಸ್ ಪ್ರಶ್ನೆಯ ಉತ್ತರ ಆ ಪದದಲ್ಲೇ ಇರಬಹುದು. ಮೂಲ ಪದವನ್ನು ಹಾಗೇ ಇಟ್ಟು ವಿವರಣೆ ಬರೆಯಿರಿ, ಪರೀಕ್ಷಕರು ಅದನ್ನು ಮೆಚ್ಚುತ್ತಾರೆ.

ಪೂರ್ತಿ ಕೆಲಸಕ್ಕೆ ಇಳಿಯುವ ಮೊದಲು ಐದು ಜನರ ಮೇಲೆ ಪ್ರಯೋಗ ಮಾಡಿ. ಒಂದು ಪ್ರಶ್ನೆಯನ್ನು ಮೂರು ಸಲ ವಿವರಿಸಬೇಕಾಗಿ ಬಂದರೆ ತಪ್ಪು ಪ್ರಶ್ನೆಯದ್ದು. ಅಂಕಿಅಂಶದ ಕೆಲಸಕ್ಕೆ ಜಾಸ್ಪ್, ಜಮೋವಿ ಎರಡೂ ಉಚಿತ. ದುಬಾರಿ ಸಾಫ್ಟ್‌ವೇರನ್ನು ಗೈಡ್ ಕೇಳುವ ತನಕ ಕೊಳ್ಳಬೇಡಿ.

ಹಂತ 9: ಬರೆಯುವುದು

ಎಕ್ಸಿಕ್ಯುಟಿವ್‌ಗಳ ಕೈಗೆ ಸ್ಲೈಡ್ ಭಾಷೆ ಅಂಟಿರುತ್ತದೆ. ಬುಲೆಟ್, ಬಾಣ, ದಪ್ಪಕ್ಷರ. ಪ್ರಬಂಧಕ್ಕೆ ವಾದ ಬೇಕು, ಅಂದರೆ ಒಂದು ವಾಕ್ಯ ಹಿಂದಿನದರ ಮೇಲೆ ನಿಲ್ಲಬೇಕು. ಮೊದಲು ಬರೆಯಬೇಕಾದದ್ದು ಸಂಶೋಧನಾ ವಿಧಾನದ ಅಧ್ಯಾಯ, ಡೇಟಾ ಸಂಗ್ರಹಿಸುತ್ತಿರುವಾಗಲೇ. ಆರು ತಿಂಗಳು ಬಿಟ್ಟರೆ ಯಾರನ್ನು ಯಾಕೆ ಬಿಟ್ಟಿರಿ ಎನ್ನುವುದು ಮರೆತೇ ಹೋಗಿರುತ್ತದೆ. ಪೀಠಿಕೆ ಕೊನೆಗೆ.

ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮ ಇದೆ. ಹೋಲಿಕೆ 10 ಶೇಕಡಾ ತನಕ ದಂಡವಿಲ್ಲ, 10ರಿಂದ 40 ಆದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇಲ್ಲಿ ಕೆಲಸದವರ ವಿಶೇಷ ತಪ್ಪೊಂದಿದೆ: ಕಂಪನಿಯ ವಾರ್ಷಿಕ ವರದಿಯಿಂದ ಎತ್ತಿ ಹಾಕುವುದು. "ನಾನೇ ಬರೆದ ವರದಿ ತಾನೇ" ಅಂದರೂ ತಂತ್ರಾಂಶ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಅಧ್ಯಾಯ ಬರೆದುಕೊಡುವವರ ಸಹವಾಸ ಬೇಡ, ವೈವಾದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ದುಡ್ಡು ತೆಗೆದುಕೊಂಡು ಹತ್ತು ದಿನದಲ್ಲಿ ಲೇಖನ ಪ್ರಕಟಿಸುವ ಜರ್ನಲ್‌ಗಳಿಗೂ ಹೋಗಬೇಡಿ. 2022ರ ನಿಯಮದಲ್ಲಿ ಪ್ರಕಟಣೆ ಕಡ್ಡಾಯವಲ್ಲ. ನಿಮ್ಮ ಸಂಸ್ಥೆ ಕೇಳುತ್ತದೆಯಾ ಅಂತ ಸೇರುವಾಗಲೇ ತಿಳಿದುಕೊಳ್ಳಿ.

ಹಂತ 10: ವೈವಾ

ಯುಜಿಸಿ ನಿಯಮದಡಿ ಪಿಎಚ್‌ಡಿ ಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಕೆಲಸದವರಿಗೆ ಬೀಳುವ ಪ್ರಶ್ನೆಗಳು ಬಹಳ ಮಟ್ಟಿಗೆ ಇವೇ: ನೀವು ಆ ಕಂಪನಿಯವರೇ ಆಗಿದ್ದು ಉತ್ತರಗಳ ಮೇಲೆ ಏನು ಪರಿಣಾಮ ಮಾಡಿತು? ಪೀಣ್ಯದಲ್ಲಿ ಕಂಡದ್ದು ಬೆಳಗಾವಿಯ ಫೌಂಡ್ರಿಗಳಿಗೂ ಹೊಂದುತ್ತದೆಯೇ? ನಿಮ್ಮ ಸಲಹೆಯನ್ನು ಯಾರಾದರೂ ಜಾರಿಗೆ ತಂದರೇ? ಮೊದಲನೆಯದಕ್ಕೆ "ಏನೂ ಪರಿಣಾಮ ಇಲ್ಲ" ಅಂದವರು ಮುಂದಿನ ಅರ್ಧ ಗಂಟೆ ಬೆವರುತ್ತಾರೆ. ಎಲ್ಲೆಲ್ಲಿ ಪರಿಣಾಮ ಆಗಿರಬಹುದು, ಅದನ್ನು ತಡೆಯಲು ಏನು ಮಾಡಿದಿರಿ ಅಂತ ಪ್ರಬಂಧದಲ್ಲೇ ಒಂದು ಪುಟ ಬರೆದಿಡಿ.

ಆಫೀಸಿನ ಮೀಟಿಂಗ್‌ನಲ್ಲಿ ಗೊತ್ತಿಲ್ಲ ಅನ್ನುವುದು ನಮಗೆ ಅಭ್ಯಾಸವಿಲ್ಲ. ವೈವಾದಲ್ಲಿ ಅಂದರೆ ಏನೂ ತಪ್ಪಿಲ್ಲ. "ಅದನ್ನು ನಾನು ನೋಡಿಲ್ಲ, ನನ್ನ ಡೇಟಾ ಅಷ್ಟು ದೂರ ಹೋಗುವುದಿಲ್ಲ" ಅಂದರೆ ಪರೀಕ್ಷಕರು ಬರೆದುಕೊಂಡು ಮುಂದೆ ಹೋಗುತ್ತಾರೆ.

ತಿದ್ದುಪಡಿ ಮುಗಿದ ಮೇಲೆ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧದ ಪ್ರತಿ ಶೋಧಗಂಗಾಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಕಂಪನಿಯ ಹೆಸರು, ಗ್ರಾಹಕರ ಹೆಸರು, ದರಪಟ್ಟಿಯ ಚಿತ್ರ ಯಾವುದಾದರೂ ಅನುಬಂಧದಲ್ಲಿ ಉಳಿದಿದೆಯಾ ಅಂತ ಹಂತ 3ರ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕೊನೆಯ ಸಲ ನೋಡಿ, ಆಮೇಲೆ ಕಳಿಸಿ.